ತಂಬಿಗೆ ನೀರು ಚೆಲ್ಲದ ಕುದುರೆ

ನಮ್ಮ ಮನೆಯಲ್ಲಿ ಕನ್ನಡ ಇದ್ದದ್ದೇ ಬೈಯುವುದಕ್ಕೆ. ನಾಸಿಕ್ ರೋಡಿನಲ್ಲಿರುವ ನನ್ನ ಮೊಮ್ಮಕ್ಕಳ ಮುಂದೆ ಈ ಮಾತು ಹೇಳಿದರೆ ಅವು ಬಿದ್ದು ಬಿದ್ದು ನಗುತ್ತವೆ. ಅವಕ್ಕೆ ಕನ್ನಡ ಅರ್ಧಂಬರ್ಧ ತಿಳಿಯುತ್ತದೆ, ಬೈಗುಳ ಮಾತ್ರ ಪೂರಾ ತಿಳಿಯುತ್ತದೆ. ನಗುವ ಮಾತಲ್ಲ ಇದು. ನಾವು ಬೀದರ ಸೀಮೆಯವರು. ಅಪ್ಪನಿಗೆ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತೆಂದು ಇಡೀ ಸಂಸಾರ ಕಟ್ಟಿಕೊಂಡು ಇತ್ತ ಬಂದವರು, ಮತ್ತೆ ತಿರುಗಿ ಹೋಗಲಿಲ್ಲ. ಬಂದ ಹೊಸತರಲ್ಲೇ ನಮ್ಮವರು ಒಂದು ವಿದ್ಯೆ ಕಂಡುಕೊಂಡರು: ಇಲ್ಲಿ ಯಾರನ್ನು ಬೇಕಾದರೂ ಅವರೆದುರಿಗೇ ನಿಂತು ಬೈಯಬಹುದು, ಅವರಿಗೆ ತಿಳಿಯುವುದಿಲ್ಲ. ಸಂತೆಯಲ್ಲಿ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಬದನೆಕಾಯಿ ಮಾರುವವಳ ಕ್ಷೇಮಸಮಾಚಾರವನ್ನು ಮರಾಠಿಯಲ್ಲಿ ನಗುನಗುತ್ತ ಕೇಳುವಳು, ಹಾಗೆಯೇ ಅವ್ವನ ಕಡೆ ತಿರುಗಿ ಆ ಹೆಂಗಸಿನ ತಕ್ಕಡಿ, ಅವಳ ಕೈಚಳಕ, ಅವಳ ವಂಶ ಎಲ್ಲವನ್ನೂ ಕನ್ನಡದಲ್ಲಿ ಜಾಲಾಡುವಳು. ನಾವು ಬಾಡಿಗೆಗಿದ್ದ ವಾಡೆಯ ಮಾಲಕನ ಹೆಂಡತಿ ನೀರಿನ ತಕರಾರು ತೆಗೆದುಕೊಂಡು ಬಂದರೆ ಅವ್ವ ತಲೆ ತಗ್ಗಿಸಿ ‘ಹೋ ವಹಿನಿ, ಹೋ ವಹಿನಿ’, ಹೌದು ಅತ್ತಿಗೆ, ಅನ್ನುತ್ತ, ನಡುನಡುವೆ ಆಕೆಯ ಮೂಗು, ಆಕೆಯ ನಡಿಗೆ, ಆಕೆಯ ತವರುಮನೆಯನ್ನು ದೇವರ ಹಾಡು ಹೇಳುವ ದನಿಯಲ್ಲಿ ಬೈಯುತ್ತಿದ್ದಳು. ಕಾನಡಿ ಮಂದಿ ಬಹಳ ಬಡಪಾಯಿಗಳು, ಬಹಳ ನಯದವರು ಎಂದು ವಾಡೆಯವರೆಲ್ಲ ನಮ್ಮನ್ನು ಹೊಗಳುತ್ತಿದ್ದರು.

ಮನೆ ಅಂದರೆ ನಿಫಾಡದ ಆಚೆ ಒಂದು ಹಳ್ಳಿಯಲ್ಲಿ, ದ್ರಾಕ್ಷಿ ತೋಟದವನೊಬ್ಬನ ವಾಡೆಯ ಹಿಂದಿನ ಎರಡು ಖೋಲಿ. ಮುಂದಿನದು ಗಂಡಸರದು. ಅಲ್ಲಿ ಅಪ್ಪನ ಸೈಕಲ್ಲು, ಕಾಕಾನ ಮಂಚ, ಕಾಕಾನ ಕನ್ನಡಿ, ಕಾಕಾನ ವಾಸನೆ ಎಣ್ಣೆಯ ಬಾಟಲಿ. ಕಾಕಾ ಅಪ್ಪನ ತಮ್ಮ, ದ್ರಾಕ್ಷಿ ದಲಾಲಿಯವರ ಹಿಂದೆ ಮುಂದೆ ಓಡಾಡಿಕೊಂಡಿದ್ದವನು. ಹಿಂದಿನ ಖೋಲಿಯಲ್ಲಿ ಒಲೆ, ಆಯಿಯ ಹಾಸಿಗೆ, ಜೋಳದ ಡಬ್ಬ, ಡಬ್ಬದ ಪಕ್ಕದ ಮೂಲೆಯಲ್ಲಿ ನಾನು. ಅದಕ್ಕೆ ನನ್ನ ಹೆಸರಿನಿಂದ ಗಂಗಿ ಮೂಲೆ ಅಂತಲೇ ಹೆಸರು ಬಿದ್ದಿತ್ತು. ಬೆಳಿಗ್ಗೆ ಆಯಿ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂತಳೆಂದರೆ ಆಗ ಮಾತ್ರ ಮನೆಯಲ್ಲಿ ಜಗಳಕ್ಕೆ ರಜೆ. ಅವಳು ಲಿಂಗವನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡು ಕಣ್ಣಿಗೊತ್ತಿಕೊಂಡದ್ದೇ ತಡ, ನಿನ್ನೆ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಅವ್ವನ ಸಿಟ್ಟನ್ನು ನಾನು ಕಿವಿಯಲ್ಲೇ ಅಳೆಯುತ್ತಿದ್ದೆ, ರೊಟ್ಟಿ ತಟ್ಟುವ ಸಪ್ಪಳ ಹೇಳಿಬಿಡುತ್ತಿತ್ತು. ಕಾಕಾ ಉಣ್ಣಲು ಕೂತಾಗ ಆ ಸಪ್ಪಳ ವಾಡೆಯ ಮುಂಬಾಗಿಲಿಗೂ ಕೇಳಿಸುತ್ತಿತ್ತು, ಯಾಕೆಂದರೆ ಅವನಿಗೆ ಬಿಸಿ ರೊಟ್ಟಿಯೇ ಆಗಬೇಕು, ಪುಂಡಿಪಲ್ಯಕ್ಕೆ ಎಣ್ಣೆ ಕಡಿಮೆಯಾದರೆ ತಾಟು ಸರಿಸಿ ಏಳುತ್ತಿದ್ದ. ಅಪ್ಪ ಮಾತ್ರ ಯಾವ ಕಡೆಗೂ ಇಲ್ಲ. ದಿನವೆಲ್ಲ ವಿಮಾನಕ್ಕೆ ರಿವೆಟ್ ಹೊಡೆದು ಬಂದು, ಮನೆಯಲ್ಲಿ ತಲೆ ತಗ್ಗಿಸಿ ಉಂಡು, ಯಾರು ಏನು ಕೇಳಿದರೂ ‘ನೋಡೂನು’ ಅನ್ನುತ್ತಿದ್ದ.

ಚಿಕ್ಕವಳಿದ್ದಾಗ ಜ್ವರ ಬಂದು ನನ್ನ ಎಡಗಾಲು ಸೊರಗಿತ್ತು. ಅದಕ್ಕೆ ಪೋಲಿಯೊ ಎಂದು ಹೆಸರಿರುವುದು ಆಮೇಲೆ ತಿಳಿಯಿತು, ಆಗ ಅದಕ್ಕೆ ಇದ್ದ ಹೆಸರು ಕುಂಟಿ. ಬೈಗುಳವೆಂದು ಯಾರೂ ತಿಳಿದಿರಲಿಲ್ಲ, ‘ಕುಂಟಿಗೆ ರೊಟ್ಟಿ ಕೊಟ್ಟ್ಯಾ’ ಅನ್ನುವುದು ನಮ್ಮಲ್ಲಿ ಅನ್ನ ನೀರಿನಷ್ಟೇ ಸಹಜದ ಮಾತು. ಹಳ್ಳಿಯ ಶಾಲೆ ಇದ್ದದ್ದು ನಾಲ್ಕನೇ ಇಯತ್ತೆಯವರೆಗೆ. ಅಲ್ಲಿಗೆ ಅವ್ವ ನನ್ನನ್ನು ಟೊಂಕದ ಮೇಲೆ ಹೊತ್ತು ಬಿಟ್ಟು ಬರುತ್ತಿದ್ದಳು, ದಾರಿಯುದ್ದಕ್ಕೂ ನನ್ನ ಭಾರವನ್ನು ಶಪಿಸುತ್ತ. ಐದನೆಯದಕ್ಕೆ ನಿಫಾಡಕ್ಕೆ ಹೋಗಬೇಕು. ಅಷ್ಟು ದೂರ ನಡೆಯುವುದು ನನ್ನಿಂದ ಆಗದು, ಹೊರುವುದು ಅವ್ವನಿಂದ ಆಗದು. ನಮ್ಮ ಹಳ್ಳಿಗೆ ಬಸ್ಸಿಲ್ಲ. ಅಪ್ಪನ ಪಾಳಿ ಒಂದೊಂದು ವಾರ ಒಂದೊಂದು ಹೊತ್ತಿಗೆ, ಅವನ ದಾರಿ ಬೇರೆ. ಮಾಲಕನ ಎತ್ತಿನ ಬಂಡಿಗೆ ತೋಟದ ಕೆಲಸವೇ ಮುಗಿಯದು. ಹಾಗಾಗಿ ನನ್ನ ಶಾಲೆ ಮುಗಿಯಿತು ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ನನಗೆ ಓದಿನ ಮೇಲೆ ಭಾರೀ ಪ್ರೀತಿ ಇತ್ತು ಅಂತಲ್ಲ, ಸುಳ್ಳು ಯಾಕೆ ಹೇಳಲಿ. ಶಾಲೆಯಲ್ಲಿ ಇರುವಷ್ಟು ಹೊತ್ತು ಆ ಜೋಳದ ಡಬ್ಬದ ಪಕ್ಕ ಕೂರಬೇಕಾಗಿರಲಿಲ್ಲ, ಅದಕ್ಕೆ ನನಗೆ ಶಾಲೆ ಬೇಕಾಗಿತ್ತು. ಜೀವ ಹೋದರೂ ಬೇಕಾಗಿತ್ತು.

ಕುದುರೆಯ ಮಾತು ತೆಗೆದವಳು ಆಯಿ. ಅವಳು ಜಂಗಮರ ಮನೆಯ ಮಗಳು. ಅವಳಪ್ಪ ಜೋಳಿಗೆ ಹಾಕಿಕೊಂಡು ಊರೂರಿನ ಭಕ್ತರ ಮನೆಗೆ ಕುದುರೆಯ ಮೇಲೆ ಹೋಗುತ್ತಿದ್ದನಂತೆ, ಮುಂದೆ ಇವಳನ್ನು ಕೂರಿಸಿಕೊಂಡು. ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತವಳು ತಟ್ಟನೆ ಹೇಳಿದಳು:

“ಕುದುರಿ ತರೂನು. ದುಡಕಿ ಓಡೂವಂಥಾದ್ದಲ್ಲ. ನಮ್ಮಪ್ಪಂದು ಇತ್ತಲ್ಲ, ಹಂಥಾ ರವಾಲ ನಡಿಗಿ ಕುದುರಿ. ಕುಂತವರ ಹೊಟ್ಟ್ಯಾಗಿನ ನೀರು ಅಲಗಬಾರದು.”

ಕುದುರೆ ಕಾಣದವರಿಗೆ ಇದನ್ನು ಬಿಡಿಸಿ ಹೇಳಬೇಕು. ದುಡಕಿ ಓಟದ ಕುದುರೆ ಕೂತವರನ್ನು ಕುಕ್ಕಿ ಕುಕ್ಕಿ ಎಸೆಯುತ್ತದೆ, ಎರಡೂ ತೊಡೆಗಳಲ್ಲಿ ಬಿಗಿಹಿಡಿಯುವ ಬಲ ಇಲ್ಲದವರು ಅದರ ಮೇಲೆ ನಿಲ್ಲಲಾರರು. ರವಾಲ ನಡಿಗೆಯ ಕುದುರೆಗೆ ಒಂದೇ ಬದಿಯ ಹಿಂಗಾಲು ಮುಂಗಾಲು ಒಂದರ ಹಿಂದೊಂದು ಬೀಳುತ್ತವೆ. ಕಾಲು ಓಡುತ್ತವೆ, ಬೆನ್ನು ಇದ್ದಲ್ಲೇ ಇರುತ್ತದೆ. ಒಂದೇ ಕಾಲಿನ ಬಲದವಳೂ ಅದರ ಮೇಲೆ ಕೂರಬಹುದು. ಹುಟ್ಟಾ ಆ ನಡಿಗೆ ಇರುವ ಕುದುರೆ ಕಡಿಮೆ, ಅದರಲ್ಲೂ ಮೆತ್ತನೆಯ ಸ್ವಭಾವದ್ದು ಇನ್ನೂ ಕಡಿಮೆ ಎಂದು ಆಯಿ ಹೇಳುತ್ತಿದ್ದಳು.

ಆ ಮಾತಿನಿಂದ ಮನೆಗೆ ಬೆಂಕಿ ಬಿತ್ತು. ಅವ್ವನಿಗೆ ಹೆದರಿಕೆ, ಹೆದರಿಕೆ ಬಂದಾಗ ಅವಳು ಬೈಯುವವಳು. ಹುಡುಗಿ ಬಿದ್ದು ಇನ್ನೊಂದು ಕಾಲೂ ಮುರಿದುಕೊಂಡರೆ ಹೊರುವವಳು ನಾನು, ನೀವಲ್ಲ ಎಂದು ಅತ್ತೆಯ ಮುಖಕ್ಕೇ ಹೇಳಿದಳು. ಕಾಕಾನ ಸಿಟ್ಟು ಬೇರೆ. ಅವನಿಗೆ ಭಾಲ್ಕಿ ಕಡೆಯ ದೊಡ್ಡ ಮನೆಯೊಂದರ ಹೆಣ್ಣಿನ ಮಾತು ನಡೆದಿತ್ತು. ಹೆಣ್ಣಿನವರು ಮನೆ ನೋಡಲು ಬಂದ ದಿನ ನನ್ನನ್ನು ಎತ್ತಿಕೊಂಡು ಹೋಗಿ ಮಾಲಕನು ಉಳ್ಳಾಗಡ್ಡಿ ಕೂಡಿಡುತ್ತಿದ್ದ ಬಿದಿರಿನ ಚಾಳಿನಲ್ಲಿ ಕೂರಿಸಿ, ಹೊರಗಿನಿಂದ ಅಗಳಿ ಹಾಕಿ ಬಂದಿದ್ದ. ಚಾಳಿನ ಬಿದಿರಿನ ಸಂದಿಯಿಂದ ನಾನು ಅವರು ಬಂದದ್ದನ್ನು, ಕಾಲು ತೊಳೆದದ್ದನ್ನು, ಉಂಡು ಎಲೆಅಡಿಕೆ ಹಾಕಿಕೊಂಡು ಹೋದದ್ದನ್ನು ನೋಡಿದೆ. ಸಂಜೆಗೆ ಹೊರಬಂದಾಗ ನನ್ನ ಬಟ್ಟೆಯೆಲ್ಲ ಉಳ್ಳಾಗಡ್ಡಿ ನಾತ. ಹೀಗೆ ಬಚ್ಚಿಟ್ಟ ಸರಕನ್ನು ಈಗ ಕುದುರೆ ಮೇಲೆ ಕೂರಿಸಿ ಊರೂರು ತೋರಿಸುವುದೆಂದರೆ ಅವನು ಸುಮ್ಮನಿದ್ದಾನೇ? ಆಯಿಯ ಎದುರು ನಿಂತು ಕೂಗಾಡಿದ. ರೊಕ್ಕದ ಜಗಳವನ್ನು ನಾನು ಬರೆಯುವುದಿಲ್ಲ. ರೊಕ್ಕ ಆಯಿಯದು, ಅದಕ್ಕೇ ಅವನ ಕೂಗು ಒಂದು ಮಟ್ಟಕ್ಕೆ ಬಂದು ನಿಂತಿತು. ಅಪ್ಪ ‘ನೋಡೂನು’ ಅಂದ. ಆಯಿ ಅದನ್ನೇ ಒಪ್ಪಿಗೆ ಎಂದು ಹಿಡಿದು, ಯೇವಲಾದ ಮಂಗಳವಾರದ ಕುದುರೆ ಸಂತೆಗೆ ರಜೆ ಹಾಕು ಎಂದು ಅವನಿಗೆ ಹುಕುಂ ಮಾಡಿದಳು.

ಸಂತೆಗೆ ಹೋದವರು ನಾವು ನಾಲ್ವರು: ಆಯಿ, ಅಪ್ಪ, ಅಪ್ಪನ ಬೆನ್ನ ಮೇಲೆ ನಾನು, ಜೊತೆಗೆ ಕಾಕಾ. ವ್ಯವಹಾರ ತನಗೊಬ್ಬನಿಗೇ ತಿಳಿಯುತ್ತದೆಂದು ಅವನು ಬಂದ. ವ್ಯವಹಾರ ಕೆಡಿಸಲು ಬಂದ ಎಂದು ನನಗೆ ಆಗಲೇ ಗೊತ್ತಿತ್ತು. ಬಯಲಿನ ತುಂಬ ಕುದುರೆ, ತಟ್ಟು, ಲಾಳ ಬಡಿಯುವವರ ಸಪ್ಪಳ, ಹೊಟ್ಟಿನ ಧೂಳು. ನಮ್ಮವರು ಸಾಲಿನುದ್ದಕ್ಕೂ ಹೋಗುತ್ತ ಮಾರುವವರ ಮುಂದೆ ನಯವಾಗಿ ‘ಸುಂದರ ಆಹೆ, ಸುಂದರ ಆಹೆ’ ಅನ್ನುತ್ತ, ಕನ್ನಡದಲ್ಲಿ ಒಂದೊಂದು ಕುದುರೆಯ ಜೊತೆ ಅದರ ಯಜಮಾನನ ಮಾನವನ್ನೂ ಕಳೆಯುತ್ತ ನಡೆದರು. ಕೊನೆಯಲ್ಲಿ ಒಂದು ಬೇವಿನ ಗಿಡದ ಹತ್ತಿರ ಕಂದು ಬಣ್ಣದ ಹೆಣ್ಣು ಕುದುರೆಯೊಂದು ಕಣ್ಣು ಅರೆಮುಚ್ಚಿ ನಿಂತಿತ್ತು. ಅದರ ಹೆಸರು ಮೈನಾ. ಅದರ ಒಡತಿ ಹೌಸಾಬಾಯಿ, ಔರಂಗಾಬಾದ ಕಡೆಯವಳು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ. ಕಚ್ಚೆ ಹಾಕಿ ಉಟ್ಟ ಸೀರೆ, ಕುಂಕುಮವಿಲ್ಲದ ಹಣೆ, ದವಡೆಯಲ್ಲಿ ತಂಬಾಕು. ನಗು ಎಂಬುದು ಆ ಮುಖಕ್ಕೆ ಗೊತ್ತೇ ಇರಲಿಲ್ಲ.

ಆಯಿ ಕುದುರೆಯ ಹಣೆಯ ಸುಳಿ ನೋಡಿದಳು, ಎದೆಯ ಸುಳಿ ನೋಡಿದಳು, ಒಂದೊಂದು ಕಾಲಿನ ಕೆಳಗೂ ಕೈ ಆಡಿಸಿದಳು, ತುಟಿ ಬಿಡಿಸಿ ಹಲ್ಲು ನೋಡಿದಳು. ಹಿಂಗಾಲಿನ ಹಿಂದೆಯೇ ಹೋಗಿ ನಿಂತು ಬಾಲ ಎಳೆದಳು, ಮೈನಾ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆಮೇಲೆ ಮರಾಠಿಯಲ್ಲಿ, ಕುದುರೆ ಭಾಳ ಮುದಿ, ಕಾಲೂ ಸರಿ ಇಲ್ಲ ಅಂದಳು. ನಮ್ಮ ಕಡೆ ತಿರುಗಿ, ಅದೇ ಗಂಟು ಮುಖದಲ್ಲಿ ಕನ್ನಡದಲ್ಲಿ, ಸುಳಿ ಚಲೋ ಅದ, ವಯಸ್ಸಾದ ಕುದುರೆಯೇ ನಮಗೆ ಬೇಕಾದದ್ದು, ಏನಾದರೂ ಆಗಲಿ ಇದನ್ನು ಬಿಡಬ್ಯಾಡ, ಖರೆ ಮುಖ ಮಾತ್ರ ಸೊಟ್ಟ ಮಾಡ್ಕೋ ಅಂದಳು. ಅಪ್ಪ ಹೇಳಿದಂತೆ ಮುಖ ಸೊಟ್ಟ ಮಾಡಿದ. ನಡಿಗೆ ನೋಡಬೇಕೆಂದು ಆಯಿ ತುಂಬಿದ ತಂಬಿಗೆ ಕೇಳಿದಳು. ಅವಳ ತವರಿನಲ್ಲಿ ಕುದುರೆಯನ್ನು ಒಪ್ಪುತ್ತಿದ್ದದ್ದೇ ಹಾಗಂತೆ, ಅಂಚಿನವರೆಗೆ ನೀರು ತುಂಬಿದ ತಂಬಿಗೆ ಕೈಯಲ್ಲಿ ಹಿಡಿದು ಸವಾರಿ ಮಾಡಬೇಕು, ಒಂದು ಹನಿ ಹೊರಗೆ ಬಿದ್ದರೂ ಆ ಕುದುರೆ ಬೇಡ. ಹೌಸಾಬಾಯಿ ತಂಬಿಗೆ ತುಂಬಿಕೊಂಡು ಜೀನು ಏರಿ, ಬಯಲಿನ ಆ ತುದಿಗೆ ಹೋಗಿ ಬಂದು, ತಂಬಿಗೆಯನ್ನು ಆಯಿಯ ಮೂಗಿನ ಹತ್ತಿರ ಹಿಡಿದಳು. ನೀರು ಅಂಚಿಗೇ ಇತ್ತು. ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡ ಇನ್ನೊಬ್ಬ ಕುದುರೆಯವನಿದ್ದ. ಅಪ್ಪ ಬೆನ್ನಿಂದ ಇಳಿಸಿ ನನ್ನನ್ನು ಕೂರಿಸಿದ್ದ ಬೋರಲು ಬುಟ್ಟಿಯ ಕಡೆ ಗದ್ದ ಎತ್ತಿ ತೋರಿಸಿ, ಅವಳು ಅವನಿಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು: ‘ಲಂಗಡೀಲಾ ಮ್ಹಾತಾರೀ ಘೋಡೀ ಚಾಲತೇ.’ ಕುಂಟಿಗೆ ಮುದಿ ಕುದುರೆ ನಡೆಯುತ್ತದೆ ಅಂತ. ಅವನು ನಕ್ಕ.

ವ್ಯವಹಾರ ಎಳೆದಾಡಿತು. ಆಯಿ ಎಷ್ಟು ಹೀಗಳೆದರೂ ಹೌಸಾಬಾಯಿ ಒಂದಿಷ್ಟೂ ಇಳಿಯಲಿಲ್ಲ, ಅವಳ ಮೊಂಡುತನ ನಮ್ಮವರಿಗೆ ಅರ್ಥವೇ ಆಗಲಿಲ್ಲ. ನಮ್ಮವರು ಅವಳ ಮುಂದೆಯೇ ನಿಂತು ಕನ್ನಡದಲ್ಲಿ ಅವಳನ್ನು ಗಂಡುಬೀರಿ ಅಂದರು, ತಂಬಾಕಿನ ಮುದುಕಿ ಅಂದರು, ಇನ್ನೂ ಏನೇನೋ ಅಂದರು, ಆಮೇಲೆ ಮರಾಠಿಯಲ್ಲಿ ‘ಬಾಯೀ, ಥೋಡಂ ಸಮಜೂನ ಘ್ಯಾ’, ಸ್ವಲ್ಪ ಅರ್ಥಮಾಡಿಕೊಳ್ಳಿ, ಎಂದು ಕೈಮುಗಿದರು. ಕಡೆಗೆ ಆಯಿ ಸೆರಗಿನ ಗಂಟಿಗೆ ಕೈ ಹಾಕಿದಳು. ಕುದುರೆ ಮನೆಗೆ ಬಂದೇಬಿಡುತ್ತದೆ ಎಂದು ಕಾಕಾನಿಗೆ ಆಗ ಖಾತ್ರಿಯಾಯಿತು. ಅಪ್ಪನ ತೋಳು ಹಿಡಿದು ಎಳೆದ.

“ಅಣ್ಣ, ಇದಕ್ಕ ಅಫೀಮು ತಿನಿಸ್ಯಾಳ ಈ ಕಳ್ಳಿ. ಅದು ಹೋಗ್ಲಿ. ಇದರ ಮ್ಯಾಲೆ ಕುಂದರ್ಸಿದ್ರ ಹತ್ತ ಊರಿಗಿ ಕಾಣ್ತಾಳ ಇಕಿ. ಮನ್ಯಾಗಿನ ಕುಂಟಿನ್ನ ಮುಚ್ಚಿಡೂದು ಬಿಟ್ಟು ಮೆರವಣಿಗಿ ಮಾಡ್ತೀರೇನು? ನನ್ನ ಲಗ್ನ ಆಗೂದು ಬ್ಯಾಡೇನು?”

ನಾನು ಅಪ್ಪನನ್ನು ನೋಡಿದೆ. ಅವನು ಕುದುರೆಯ ಗೊರಸು ನೋಡುತ್ತಿದ್ದ, ಅದರಲ್ಲಿ ಏನೋ ಬರೆದಿದೆ ಎಂಬಂತೆ. ಹೌಸಾಬಾಯಿ ಹಗ್ಗಕ್ಕೆ ಗಂಟು ಹಾಕುತ್ತಿದ್ದಳು. ತಿರುಗಿ ನೋಡದೆ ಮಾತಾಡಿದಳು, ನಮ್ಮ ಬೀದರ ಸೀಮೆಯ ಕನ್ನಡದಲ್ಲಿ.

“ಮುಚ್ಚಿಡೂದಿದ್ರ ಕುದುರಿ ಸಂತಿಗ್ಯಾಕ ಬಂದ್ರಿ ಸಾವಕಾರ? ಗೋಣಿಚೀಲ ಮಾರೂ ಸಂತಿಗಿ ಹೋಗಬೇಕಿತ್ತು.”

ಆಯಿಯ ಕೈ ಸೆರಗಿನ ಗಂಟಿನಲ್ಲೇ ನಿಂತಿತು. ಹೌಸಾಬಾಯಿ ಈಗ ನಮ್ಮ ಕಡೆ ತಿರುಗಿದಳು.

“ಹುಮನಾಬಾದದಾಗ ಬಾಳ್ವಿ ಮಾಡೀನ್ರಿ ನಾ. ನನ್ನ ಗಂಡ ಅಲ್ಲೇ ಟಾಂಗಾ ಹೊಡೀತಿದ್ದ. ಮುಂಜಾನಿಂದ ನಿಮ್ಮ ಬಾಯಾಗಿಂದು ಒಂದೊಂದು ಮಾತೂ ಕೇಳೀನಿ. ಬಿಡಬ್ಯಾಡ ಅಂದ್ರಿ, ಮುಖ ಸೊಟ್ಟ ಮಾಡ್ಕೋ ಅಂದ್ರಿ. ಕಳ್ಳಿ ಅಂದ್ರಿ, ಅನ್ರಿ, ನನಗ ದಿನಾ ಅಂತಾರ. ಖರೆ ಕುದುರಿ ನಿಮಗ ಕೊಡಂಗಿಲ್ಲ. ನಡೀರಿ ಇಲ್ಲಿಂದ.”

ನಾಚಿಕೆಯಿಂದ ತಲೆ ತಗ್ಗಿಸಿ ಹೊರಡುವ ಪೈಕಿಯವಳಲ್ಲ ನನ್ನ ಆಯಿ. ತಪ್ಪು ಸಿಕ್ಕಿಬಿದ್ದಾಗಲೇ ಅವಳ ದನಿ ಏರುವುದು. ತಿಳಿಯುತ್ತಿದ್ದರೆ ಮೊದಲೇ ಹೇಳಬೇಕಿತ್ತು, ತಿಳಿಯದವಳಂತೆ ನಿಂತು ನಮ್ಮ ಮನೆ ಮಾತು ಕದ್ದು ಕೇಳಿದೆಯಲ್ಲ, ಇದಕ್ಕಿಂತ ಕಳ್ಳತನ ಯಾವುದು ಎಂದು ಶುರು ಮಾಡಿದಳು. ಸಂತೆಯಲ್ಲಿ ನಿಂತು ಬೊಬ್ಬೆ ಹೊಡೆಯುವುದಕ್ಕೆ ಮನೆ ಮಾತು ಅನ್ನುತ್ತಾರೇನು ಎಂದು ಹೌಸಾಬಾಯಿ. ನಿನ್ನಂಥವಳಿಗೆ ಹುಮನಾಬಾದದಲ್ಲಿ ನೀರು ಹೇಗೆ ಕೊಟ್ಟರು ಎಂದು ಇವಳು. ನಿಮ್ಮಂಥವರು ಬಿಟ್ಟು ಬಂದದ್ದಕ್ಕೇ ಅಲ್ಲಿ ನೀರಿಗೆ ಬರ ಇಲ್ಲ ಎಂದು ಅವಳು. ಸುತ್ತ ಮಂದಿ ಸೇರಿದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಆದರೂ ಕುದುರೆ ಬಿಟ್ಟು ಇದನ್ನೇ ನೋಡಿದರು. ಕಾಕಾ ಅಪ್ಪನಿಗೆ ‘ನಡಿ, ನಡಿ’ ಅನ್ನುತ್ತಿದ್ದ. ಅವನಿಗೆ ಬೇಕಾದದ್ದು ಆಗಿಬಿಟ್ಟಿತ್ತು. ಅಪ್ಪ ನನ್ನನ್ನು ಎತ್ತಿಕೊಳ್ಳಲು ಬಗ್ಗಿದ. ಎತ್ತಿಕೊಂಡರೆ ನಿಫಾಡದವರೆಗೆ ಬಸ್ಸು, ಅಲ್ಲಿಂದ ಮನೆ, ಮನೆಯಲ್ಲಿ ಆ ಮೂಲೆ, ಇನ್ನು ಸಾಯುವವರೆಗೆ ಆ ಮೂಲೆಯೇ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ನಾನು ಅವನ ಕೈಯನ್ನು ತಳ್ಳಿದೆ. ಹೌಸಾಬಾಯಿ ನನ್ನ ಪರವಾಗಿ ಮಾತಾಡಿದಳೆಂದು ಯಾರಾದರೂ ತಿಳಿದಿದ್ದರೆ ತಪ್ಪು. ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಅವಳ ಮೇಲೆಯೇ. ಹಿರಿಯಳು ಎಂದು ಕೂಡ ನೋಡದೆ ಏಕವಚನದಲ್ಲಿ ಕೂಗಿದೆ.

“ನೀನೂ ಅಂದಿ. ಆ ಟೊಪಗಿ ಮನಶಾಗ ಹೇಳ್ದಿ, ಲಂಗಡಿಗಿ ಮುದಿ ಕುದುರಿ ನಡೀತದಂತ. ನನಗ ಮರಾಠಿ ಬರ್ತದ. ನಮ್ಮ ಕಾಕಾ ಕುಂಟಿ ಅಂದ, ನೀ ಲಂಗಡಿ ಅಂದಿ. ಏನು ಫರಕಾತು?”

ಎರಡು ಮುದುಕಿಯರೂ ಜಗಳ ಬಿಟ್ಟು ನನ್ನ ಕಡೆ ತಿರುಗಿದರು. ಅಲ್ಲಿದ್ದವರಲ್ಲಿ ಎರಡೂ ಕಡೆಯ ಮಾತು ತಿಳಿದು, ಎರಡೂ ಕಡೆಯಿಂದ ಬೈಸಿಕೊಂಡವಳು ನಾನೊಬ್ಬಳೇ. ನನಗೆ ಅಳು ಬರುತ್ತಿತ್ತು, ಬರಗೊಡಲಿಲ್ಲ.

“ಕುದುರಿ ನನಗ ಬೇಕು. ಮುದಿ ಆದ್ರೂ ಬೇಕು. ನಾ ಸಾಲಿಗಿ ಹೋಗಬೇಕು.”

ಹೌಸಾಬಾಯಿ ತಂಬಾಕು ಉಗುಳಿದಳು. ತಪ್ಪಾಯಿತು ಅನ್ನಲಿಲ್ಲ, ತಲೆ ನೇವರಿಸಲಿಲ್ಲ. ಅಂಥದ್ದೇನಾದರೂ ಮಾಡಿದ್ದರೆ ನಾನು ಅವಳ ಕೈ ಕಚ್ಚುತ್ತಿದ್ದೆ. ನನ್ನನ್ನು ಮೇಲಿಂದ ಕೆಳಗಿನವರೆಗೆ, ಸೊರಗಿದ ಕಾಲನ್ನೂ ಸೇರಿಸಿ, ಕುದುರೆಯನ್ನು ನೋಡುವ ಹಾಗೆಯೇ ನೋಡಿದಳು. ಆಮೇಲೆ ತಂಬಿಗೆಯನ್ನು ಮತ್ತೆ ಅಂಚಿನವರೆಗೆ ತುಂಬಿ, ಅಪ್ಪನಿಗೆ ನನ್ನನ್ನು ಎತ್ತಿ ಕೂರಿಸುವಂತೆ ಹೇಳಿ, ತಂಬಿಗೆಯನ್ನು ನನ್ನ ಬಲಗೈಗೆ ಕೊಟ್ಟಳು.

“ಆ ಆಚಿ ಬೇವಿನ ಗಿಡ ಸುತ್ತಿ ಬಾ. ನೀರು ಚೆಲ್ಲಿದ್ರ ನಿನಗೂ ಇಲ್ಲ, ನಿಮ್ಮಾಯಿಗೂ ಇಲ್ಲ.”

ನನ್ನ ಎಡಗಾಲು ಪಾದ ಊರುವ ರಿಕಾಪಿಗೆ ಎಟುಕದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಹೌಸಾಬಾಯಿ ನಾಲಿಗೆಯಲ್ಲಿ ಒಂದು ಸಪ್ಪಳ ಮಾಡಿದಳು, ಮೈನಾ ಹೊರಟಿತು. ಮೊದಲ ಹೆಜ್ಜೆಗೆ ಎಡಗೈಯಲ್ಲಿ ಜೀನು ಬಿಗಿಯಾಗಿ ಹಿಡಿದೆ. ನಾಲ್ಕು ಹೆಜ್ಜೆ ಆದ ಮೇಲೆ ಕೆಳಗೆ ಟಕಟಕ ಎಂದು ಕಾಲುಗಳು ಬೀಳುವ ಸಪ್ಪಳ ಕೇಳುತ್ತಿದೆ, ನಾನು ಮಾತ್ರ ಮನೆಯ ಕಟ್ಟೆಯ ಮೇಲೆ ಕೂತ ಹಾಗೆ ಕೂತಿದ್ದೇನೆ. ಆವರೆಗೆ ನಾನು ಹೋದದ್ದೆಲ್ಲ ಒಬ್ಬರ ಟೊಂಕದ ಮೇಲೆ, ಇನ್ನೊಬ್ಬರ ಬೆನ್ನ ಮೇಲೆ, ಅವರ ಏದುಸಿರು ಕೇಳುತ್ತ, ಅವರ ಶಾಪ ಕೇಳುತ್ತ. ಈ ಪ್ರಾಣಿ ಏನೂ ಅನ್ನಲಿಲ್ಲ. ಬೇವಿನ ಗಿಡ ಸುತ್ತಿದೆವು. ಸಂತೆಯವರ ತಲೆಗಳೆಲ್ಲ ನನಗಿಂತ ಕೆಳಗಿದ್ದವು, ಕಾಕಾನ ಎಣ್ಣೆ ಹಚ್ಚಿ ಬಾಚಿದ ತಲೆಯೂ. ಮೈನಾ ತಾನಾಗಿಯೇ ಬಂದು ತನ್ನ ಜಾಗದಲ್ಲಿ ನಿಂತಿತು. ಕಾಕಾ ಅದರ ಪಕ್ಕದಲ್ಲೇ ಇದ್ದ. ನಾನು ತಂಬಿಗೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದೆ. ಹೌಸಾಬಾಯಿ ಬಗ್ಗಿ ನೋಡಿ, ಚೆಲ್ಲಿಲ್ಲ ಎಂದು ತಲೆಯಾಡಿಸಿದಳು. ಅದಾದ ಮೇಲೆ ಆ ನೀರನ್ನು ಪೂರಾ ಕಾಕಾನ ತಲೆಯ ಮೇಲೆ ಸುರಿದೆ.

ಬಯಲೆಲ್ಲ ಗೊಳ್ಳೆಂದಿತು. ಕಾಕಾ ನನ್ನ ಕಾಲು ಹಿಡಿದು ಎಳೆಯಲು ಬಂದ. ಹೌಸಾಬಾಯಿ ನಡುವೆ ನಿಂತಳು, ನನ್ನನ್ನು ಕಾಯಲು ಅಲ್ಲ, ಕುದುರೆ ಬೆದರೀತೆಂದು. ಅವನು ಬಟ್ಟೆ ಹಿಂಡಿಕೊಳ್ಳುತ್ತ ಒಬ್ಬನೇ ಬಸ್ಸಿಗೆ ಹೊರಟುಹೋದ. ಆಯಿ ತುಟಿ ಕಚ್ಚಿಕೊಂಡು ಸೆರಗಿನ ಗಂಟು ಬಿಚ್ಚಿದಳು. ಬಿಡಬ್ಯಾಡ ಅಂದದ್ದನ್ನು ಕಿವಿಯಾರೆ ಕೇಳಿದವಳ ಮುಂದೆ ಇನ್ನು ಚೌಕಾಸಿ ಮಾಡುವ ಮುಖ ಅವಳಿಗೂ ಇರಲಿಲ್ಲ. ನಾನು ಅಪ್ಪನ ಕಡೆ ನೋಡಿದೆ, ಒಂದು ಮಾತಿಗಾಗಿ. ಬೈದಿದ್ದರೂ ಆಗುತ್ತಿತ್ತು. ಅವನು ಹಗ್ಗ ಕೈಗೆ ತೆಗೆದುಕೊಂಡು, ನೀವು ಬಸ್ಸಿಗೆ ಹೋಗಿರಿ, ನಾನು ಇದನ್ನು ನಡೆಸಿಕೊಂಡು ಬರುತ್ತೇನೆ ಅಂದ. ಅಷ್ಟೇ ಅಂದದ್ದು.

ಮನೆಗೆ ಬಂದ ಮೇಲೆ ಅವ್ವ ನನಗೆ ಹೊಡೆದಳು. ಹಿರಿಯರ ತಲೆ ಮೇಲೆ ನೀರು ಹಾಕುತ್ತೀಯಾ ಎಂದು ಬೆನ್ನಿಗೆ ಬಾರಿಸಿದಳು. ಕಾಕಾ ನನ್ನನ್ನು ಏನೆಂದು ಬೈದನೆಂದು ಆಯಿ ಹೇಳಿದ ಮೇಲೆ ಹೊಡೆಯುವುದನ್ನು ನಿಲ್ಲಿಸಿ ರೊಟ್ಟಿ ತಟ್ಟಲು ಕೂತಳು. ಆ ದಿನದ ಸಪ್ಪಳಕ್ಕೆ ಕಾಕಾ ಮುಂದಿನ ಖೋಲಿಯಿಂದ ಉಣ್ಣಲು ಎದ್ದು ಬರಲೇ ಇಲ್ಲ. ಅಪ್ಪ ಬಂದದ್ದು ಎರಡು ದಿನ ಕಳೆದು. ಯೇವಲಾದಿಂದ ಅಷ್ಟು ದಾರಿಯನ್ನು ಕುದುರೆಯ ಪಕ್ಕದಲ್ಲಿ ನಡೆದೇ ಬಂದಿದ್ದ, ಒಮ್ಮೆಯೂ ಅದರ ಮೇಲೆ ಕೂತಿರಲಿಲ್ಲ. ಆಕಾಶದಲ್ಲಿ ಹಾರುವುದನ್ನು ಕಟ್ಟುವ ಮನುಷ್ಯನಿಗೆ ಕುದುರೆ ಬೆನ್ನಿನ ಎತ್ತರ ಹೆದರಿಕೆ. ಕಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಮೈನಾಳನ್ನು ಮಾಲಕನ ದನದ ಕೊಟ್ಟಿಗೆಯ ತುದಿಗೆ ಕಟ್ಟಿ, ಒಳಗೆ ಬಂದು, ಗೂಟಕ್ಕೆ ಹಾಕಿದ್ದ ತನ್ನ ಕಾರ್ಖಾನೆಯ ನೀಲಿ ಪ್ಯಾಂಟು ತೆಗೆದು ಅವ್ವನ ಮುಂದೆ ಇಟ್ಟ. ಲಂಗ ಉಟ್ಟು ಕುದುರೆ ಮೇಲೆ ಕೂರಲು ಬರುವುದಿಲ್ಲ ಅಂದ. ಅವ್ವ ಅವನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮರುದಿನ ಲಿಂಗಪೂಜೆಯ ಹೊತ್ತಿನಲ್ಲಿ, ಮನೆ ಸದ್ದಿಲ್ಲದೆ ಇದ್ದಾಗ, ನನ್ನ ಎರಡು ಕಾಲನ್ನೂ ನೂಲಿನಿಂದ ಬೇರೆ ಬೇರೆಯಾಗಿ ಅಳೆದು, ಆ ಪ್ಯಾಂಟು ಕತ್ತರಿಸಿ, ಬಲಗಾಲು ಅಗಲ, ಎಡಗಾಲು ಸಣ್ಣ ಮಾಡಿ ನನಗೊಂದು ಚಡ್ಡಿ ಹೊಲಿದಳು. ಆ ಚಡ್ಡಿ ನನ್ನ ಮೈಗೆ ಕೂತಷ್ಟು ಚೆನ್ನಾಗಿ ಆಮೇಲೆ ಯಾವ ಬಟ್ಟೆಯೂ ಕೂರಲಿಲ್ಲ.

ಕಾಕಾನ ಲಗ್ನ ನಿಲ್ಲಲಿಲ್ಲ, ಯಾವ ದೊಡ್ಡ ಮನೆಯ ಮಾನವೂ ನನ್ನಿಂದ ಮುಳುಗಲಿಲ್ಲ. ಲಗ್ನವಾಗಿ ಬೇರೆ ಖೋಲಿ ಹಿಡಿದು ಹೋದ. ನನ್ನೊಡನೆ ಅವನು ಮಾತಾಡಲಿಲ್ಲ, ನಾನೂ ಆಡಲಿಲ್ಲ, ಈ ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ರಕ್ತ. ಯೇವಲಾದ ನಂತರ ಆಯಿಗೆ ಮಾತ್ರ ಒಂದು ಕಷ್ಟ ಬಂತು. ಸಂತೆಯಲ್ಲಿ ಬದನೆಕಾಯಿಯವಳ ತಕ್ಕಡಿ ನೋಡಿ ನಾಲಿಗೆ ತುರಿಸುತ್ತಿತ್ತು, ಬಾಯಿ ತೆರೆಯುವ ಮೊದಲು ಆ ಹೆಂಗಸಿನ ಮುಖವನ್ನು ಅನುಮಾನದಿಂದ ನೋಡುತ್ತಿದ್ದಳು, ಇವಳೂ ಎಲ್ಲಿ ಬಾಳ್ವೆ ಮಾಡಿ ಬಂದಿದ್ದಾಳೋ ಎಂದು. ಬೈಗುಳವನ್ನೆಲ್ಲ ಕಟ್ಟಿಕೊಂಡು ಮನೆಗೆ ತಂದು ಬಾಗಿಲು ಹಾಕಿಕೊಂಡು ಬಿಚ್ಚುತ್ತಿದ್ದಳು. ಆಗ ಮನೆಯ ಜಗಳ ಇನ್ನೂ ಹೆಚ್ಚಾಯಿತು.

ಜೂನಿನಲ್ಲಿ ನಿಫಾಡದ ಶಾಲೆ ತೆರೆಯಿತು. ಮೊದಲ ದಿನ ಅಪ್ಪ ಜೊತೆಗೆ ಬಂದ, ಹಗ್ಗ ಹಿಡಿದು ಮುಂದೆ ನಡೆಯುತ್ತ. ಸಂತೆಯಲ್ಲಿ ಅವನು ಗೊರಸು ನೋಡುತ್ತ ನಿಂತದ್ದನ್ನು ನಾನು ಮರೆತಿರಲಿಲ್ಲ, ಕ್ಷಮಿಸುವ ಮನಸ್ಸೂ ಇರಲಿಲ್ಲ. ಶಾಲೆಯ ಬಾಗಿಲಲ್ಲಿ ಹುಡುಗರ ಗುಂಪು ನಿಂತಿತ್ತು. ನಮ್ಮನ್ನು ಕಂಡದ್ದೇ ಒಬ್ಬ ಕೂಗಿದ, ಉಳಿದವರು ದನಿ ಸೇರಿಸಿದರು: ‘ಲಂಗಡೀ ಆಲೀ, ಘೋಡ್ಯಾವರ ಲಂಗಡೀ ಆಲೀ.’ ಕುಂಟಿ ಬಂದಳು, ಕುದುರೆ ಮೇಲೆ ಕುಂಟಿ ಬಂದಳು ಅಂತ. ಅಪ್ಪ ನಿಂತ. ದಿನವೆಲ್ಲ ಮರಾಠಿಯವರ ನಡುವೆ ಕೆಲಸ ಮಾಡುವವನು, ಆ ಮಾತು ಅವನಿಗೆ ತಿಳಿಯದ್ದಲ್ಲ. ಕತ್ತು ಎತ್ತಿ ನನ್ನ ಮುಖ ನೋಡಿದ. ನನ್ನ ಮುಖ ನೋಡಲು ಅವನು ಕತ್ತು ಎತ್ತಬೇಕಾದದ್ದು ಆವತ್ತೇ ಮೊದಲು.

“ಏನಂದ್ರವ್ವಾ ಅವ್ರು?”

ಕಾಕಾ ಅಂದದ್ದನ್ನೇ ಅಂದರು, ನೀನು ಸುಮ್ಮನೆ ಕೇಳಿಸಿಕೊಂಡೆಯಲ್ಲ, ಅದನ್ನೇ ಅಂದರು. ಈ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಬಿಸಾಡಿದ್ದರೆ ಸರಿಯಾಗಿ ತಾಗುತ್ತಿತ್ತು, ಬೈಯುವುದನ್ನು ನಾನು ಯಾರ ಹತ್ತಿರ ಕಲಿತವಳು. ಅವನ ಹಣೆಯ ಮೇಲೆ ಬೆವರಿತ್ತು, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಕುದುರಿ ಚಂದ ಅದ ಅಂದ್ರು, ಅಪ್ಪಾ.”

ಅವನು ಮೈನಾಳ ಕತ್ತಿನ ಮೇಲೆ ಕೈಯಾಡಿಸಿದ.

“ಹೌದು. ಚಂದ ಅದ.”

ಹಗ್ಗವನ್ನು ನನ್ನ ಕೈಗೆ ಕೊಟ್ಟು, ಪಾಳಿಗೆ ಹೊತ್ತಾಯಿತು ಎಂದು ಓಝರಿನ ಬಸ್ಸಿನ ಕಡೆ ಹೊರಟ. ನಾನು ಮೈನಾಳನ್ನು ಆ ಹುಡುಗರ ನಡುವೆಯೇ ನಡೆಸಿದೆ. ಅವರು ಸರಿದು ನಿಂತರು.